ಬಿಸಿಲಿನ ಹೆಸರಲ್ಲಿ ಸುಳ್ಳು ಬೇಡ

"ಸೂರ್ಯ ಮುಳುಗಿ ಆಯ್ತು. ಈ ಮೆಷಿನ್ ಇನ್ನೂ ಓಡ್ತಾ ಉಂಟಲ್ಲ, ಯಾವ ಕರೆಂಟಿನಲ್ಲಿ?"

ಬಿಸಿಲಿನ ಕರೆಂಟಿನಲ್ಲೇ ಓಡಬೇಕಾದ ಅಬುಧಾಬಿಯ ಅಮೋನಿಯಾ ಘಟಕಕ್ಕೆ ಗುಣಮಟ್ಟದ ಅಧಿಕಾರಿಯಾಗಿ ಬಂದ ಮೊದಲ ದಿನವೇ ಜಾನಿಸ್ ಹೀಗೆ ಕೇಳಿದಾಗ ಶಿಫ್ಟ್ ಇಂಜಿನಿಯರ್ ಶರ್ವಿನ್ ಕಕ್ಕಾಬಿಕ್ಕಿಯಾದ. ಹುಡುಗಿಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಆ ಕಣ್ಣು... ಅಬ್ಬಾ!

"ಗ್ಯಾಸಿನ ಕರೆಂಟು ಮಾರಾಯ್ರೆ. ಟ್ರಯಲ್‌ಗೆ ಅಷ್ಟೆ, ಮಾರ್ಲಿಕ್ಕಲ್ಲ."

ಮುಚ್ಚುಮರೆಯಿಲ್ಲದ ಆ ಉತ್ತರಕ್ಕೇ ಅವಳು ಸೋತಳು. ತನ್ನಂತೆ ಅವನೂ ಉಡುಪಿ ಕಡೆಯವನೆಂದು ತಿಳಿದ ಮೇಲೆ ಕೇಳಬೇಕೇ? ಪೇಟೆಯ ಖಾಲಿದಿಯಾ ಬಡಾವಣೆಯ ಕೆಫೆಟೇರಿಯಾಕ್ಕೆ ಹೋಗಲು ಇಬ್ಬರಿಗೂ ದಿನಕ್ಕೊಂದು ನೆಪ ಸಿಗುತ್ತಿತ್ತು.

ಅಷ್ಟರಲ್ಲಿ ಜರ್ಮನಿಗೆ ಹೋಗುವ ಹಡಗು ಬಂತು. ಕಲ್ಲಿದ್ದಲು ಉರಿಸುವುದನ್ನು ಬಿಡಲು ಹೊರಟ ಅಲ್ಲಿಯವರಿಗೆ ಇಂಧನಕ್ಕೆ ಬಿಸಿಲಿನ ಕರೆಂಟಿನಲ್ಲಿ ಮಾಡಿದ ಹಸಿರು ಅಮೋನಿಯಾವೇ ಬೇಕು. ಇಲ್ಲಿ ವಾರವಿಡೀ ಧೂಳು ಕವಿದು ಬಿಸಿಲಿಲ್ಲದೆ ಟ್ಯಾಂಕು ಅರ್ಧವೂ ತುಂಬಿರಲಿಲ್ಲ. ಗ್ಯಾಸಿನ ಕರೆಂಟಿನಲ್ಲೇ ತುಂಬಿಸಿ ಹಸಿರು ಎಂದು ಕಳಿಸಿಬಿಡಿ ಎಂದರು ಮ್ಯಾನೇಜರ್ ಮೊರಿಸ್.

"ಹಸಿರು ಅಂತ ಸರ್ಟಿಫಿಕೇಟಿಗೆ ನಾನು ಸಹಿ ಹಾಕುದಿಲ್ಲ," ಎಂದು ಜಾನಿಸ್ ಹೇಳಿದ್ದು ಶರ್ವಿನ್ ಒಬ್ಬನ ಬಳಿ ಮಾತ್ರ.

ಮರುದಿನವೇ ಮೊರಿಸ್ ಅವಳನ್ನು ಕರೆದರು.

"ಸಹಿ ಹಾಕುದಿಲ್ಲವಂತೆ? ಶರ್ವಿನ್ ಹೇಳಿದ. ಹಾಗಾದ್ರೆ ಕೆಲಸ ಖಲಾಸ್. ವೀಸಾ ಕ್ಯಾನ್ಸಲ್!"

ಶರ್ವಿನ್! ಅವನೊಬ್ಬನಿಗೇ ಹೇಳಿದ್ದಲ್ಲವೇ! ಆದರೂ ಅವಳು ತಲೆ ತಗ್ಗಿಸಲಿಲ್ಲ.

"ಮಾಡಿ ಸರ್. ಬಿಸಿಲಿನ ಹೆಸರಲ್ಲಿ ಸುಳ್ಳು ನಾನು ಮಾರುದಿಲ್ಲ!"

ಪಾರ್ಕಿಂಗ್‌ನಲ್ಲಿ ಶರ್ವಿನ್ ಓಡುತ್ತಾ ಬಂದ.

"ಮುಟ್ಟಬೇಡಿ! ಚಾಡಿ ಹೇಳಿದ್ದು ನೀವೇ ಅಲ್ವಾ?"

"ಹೇಳಿದ್ದು ಹೌದು."

ಅವಳ ಕಣ್ಣು ತುಂಬಿತು. ಇವನನ್ನೇ ನಂಬಿದ್ದೆನಲ್ಲ...

"ಪೂರ್ತಿ ಕೇಳಿ ಜಾನಿಸ್. 'ಅವರು ಸಹಿ ಹಾಕುದಿಲ್ಲ, ನಾನು ಮೆಷಿನ್ ಓಡಿಸುದಿಲ್ಲ' ಅಂತ ಹೇಳಿದ್ದು. ನಿಮ್ಮೊಬ್ಬರ ಮೇಲೆ ಬೀಳಬಾರ್ದು ಅಂತ. ಈಗ ಸ್ವಿಚ್ ಆಫ್ ಮಾಡಿಯೇ ಬಂದೆ. ಹಡಗು ಅರ್ಧವೇ ತುಂಬಿಸಿಕೊಂಡು ಹೋಗ್ಲಿ. ನನ್ನದೂ ಖಲಾಸ್."

ಸದಾ ಗುಂಯ್‌ಗುಡುತ್ತಿದ್ದ ಘಟಕ ಮೌನವಾಗಿತ್ತು. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಹುಚ್ಚಾ ನಿಮಗೆ?"

"ಹೌದು. ನಿಮ್ಮದೇ ಹುಚ್ಚು." ಅವನು ಜೇಬಿನಿಂದ ಕಾರಿನ ಕೀ ತೆಗೆದು ತಿರುಗಿಸತೊಡಗಿದ. "ಆದ್ರೆ ಕೆಲಸ ಇಲ್ಲದವನಿಗೆ ನಿಮ್ಮ ಡ್ಯಾಡಿ ಹೆಣ್ಣು ಕೊಡ್ತಾರಾ?"

ಜಾನಿಸ್ ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು.

"ಕೊಡ್ಲಿಕ್ಕೆ ನಾನೆಂತ ಸಾಮಾನಾ? ನಾನೇ ಬರ್ತೇನೆ. ಡ್ಯಾಡಿಯನ್ನಲ್ಲ, ನನ್ನನ್ನು ಕೇಳು ನೀನು!"

"ಬರ್ತೀಯಾ?"

"ಯಲ್ಲಾ, ಹೋಗುವ, ಕಾರ್ ತೆಗಿ!"