ಲಕ್ಕಪ್ಪ ಸುತ್ತಿದ ತಂತಿ

“ನೀರ್ ಹಾಕಿ, ಬಿಸ್ಲಿಗಿಡಿ, ಕುಂಡ ಬೇಕಾದ್ರೂ ಬದಲಾಯ್ಸಿ. ಆ ತಂತಿ ಒಂದನ್ನ ಮಾತ್ರ ಬಿಚ್ಚಬ್ಯಾಡಿ ಸಾರ್,” ಎಂದಳು ಭೂತಮ್ಮ.

ಪ್ರದೀಪ್ ನಕ್ಕುಬಿಟ್ಟ. ಮಾತಾಡಿದವಳು ಎಸ್ಟೇಟಿನ ಕೂಲಿಯವರ ಲೈನ್ ಮನೆಯ ಮುದುಕಿ, ಎಂಟು ತಿಂಗಳ ಹಿಂದೆ ಸತ್ತ ಮಾಲಿ ಲಕ್ಕಪ್ಪನ ಹೆಂಡತಿ. ಅವಳು ತೋರಿಸುತ್ತಿದ್ದದ್ದು ಕಲ್ಲುಬೆಂಚಿನ ಮೇಲಿದ್ದ ಪೈನ್ ಬೋನ್ಸಾಯಿಯನ್ನು. ಎರಡೂವರೆ ಅಡಿ ಎತ್ತರ, ಮಣಿಕಟ್ಟಿನಷ್ಟು ದಪ್ಪ ಕಾಂಡ, ವಯಸ್ಸು ಮೂವತ್ತೆರಡು. ಬಾಗಿಸಿದ ರೂಪ ನಿಲ್ಲಲೆಂದು ಬುಡದಿಂದ ಮೊದಲ ಕೊಂಬೆಯವರೆಗೆ ಅದಕ್ಕೆ ತಾಮ್ರದ ದಪ್ಪ ತಂತಿ ಸುತ್ತಿತ್ತು.

“ಬಿಚ್ಚಿದ್ರೆ ಏನಾಗುತ್ತೆ ಅಜ್ಜಿ?”

ಭೂತಮ್ಮ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ಇನ್ ಉಳಿಯಲ್ಲ ಅಂತ ಗೊತ್ತಾದ್ ಮ್ಯಾಲೆ ನಮ್ ಯಜಮಾನ್ರು ಕುಂದೂರ್ ಕಡೆಯಿಂದ ಕೆಂಚಯ್ಯನ್ನ ಕರ್ಸಿದ್ರು. ಮಾಟ ಮಾಡೋನು. ಇವ್ರ ತಲೆಕೂದ್ಲು ಸುಟ್ಟು, ಆ ಬೆಂಕೀಲಿ ತಂತಿ ಕಾಯ್ಸಿ, ಇವ್ರ ರಕ್ತ ಸವರಿ, ಏನೇನೋ ಹೇಳ್ಬುಟ್ಟು ಹೋದ. ಅದನ್ನೇ ಮರಕ್ಕೆ ಸುತ್ತಿರದು. ‘ನನ್ ಮರದ್ ಮ್ಯಾಲೆ ಇನ್ನೊಬ್ಬನ್ ಕೈ ಬೀಳ್ಬಾರ್ದು ಕಣೆ’ ಅಂದ್ರು. ಕಟ್ಕೊಂಡ ಹೆಂಡ್ತಿ ಮ್ಯಾಲೂ ಯಾರೂ ಅಷ್ಟ್ ಹೊಟ್ಟೆಕಿಚ್ಚು ಪಡಲ್ಲ.”

“ನೋಡಿ ಅಜ್ಜಿ, ಮರ ದಪ್ಪ ಆಗ್ತಾ ಐತೆ. ತಂತಿ ತೊಗಟೆ ಒಳಕ್ಕೆ ಇಳೀತಾ ಐತೆ. ಹಿಂಗೇ ಬಿಟ್ರೆ ಆ ಕಲೆ ಯಾವತ್ತೂ ಹೋಗಲ್ಲ. ನಿಮ್ ಕೆಂಚಯ್ಯಂಗೆ ಮಾಟ ಗೊತ್ತಿರ್ಬೋದು, ಪೈನ್ ಗೊತ್ತಿಲ್ಲ ಬಿಡಿ.”

ತನ್ನ ಮಾತು ತನಗೇ ಹಿಡಿಸಿ ಅವನು ಇನ್ನೊಮ್ಮೆ ನಕ್ಕ. ಭೂತಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಲೈನ್ ಕಡೆಗೆ ಹೊರಟುಹೋದಳು.

ಪ್ರದೀಪ್ ಆಲೂರಿನವನು. ತೋಟಗಾರಿಕೆಯಲ್ಲಿ ಡಿಪ್ಲೊಮಾ ಮಾಡಿ, ಮೈಸೂರಿನ ಒಂದು ನರ್ಸರಿಯಲ್ಲಿ ನಾಲ್ಕು ವರ್ಷ ಬೋನ್ಸಾಯ್ ಕೆಲಸ ಕಲಿತು, ಆರು ತಿಂಗಳ ಹಿಂದೆ ಹಾನುಬಾಳಿನ ಆಚೆಗಿರುವ ಈ ಕಾಫಿ ಎಸ್ಟೇಟಿಗೆ ಬಂದಿದ್ದ. ಒಡತಿ ರಾಜಲಕ್ಷ್ಮಮ್ಮನವರಿಗೆ ಕಾಫಿಗಿಂತ ಬೋನ್ಸಾಯ್ ಹುಚ್ಚು ಹೆಚ್ಚು. ಕೆಲಸ ಹಗುರ, ಮನೆ ಚೆನ್ನಾಗಿತ್ತು, ಊಟಕ್ಕೆ ಯಾವ ಕೊರತೆಯೂ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮೈಕೈ ತುಂಬಿಕೊಳ್ಳುತ್ತಿದ್ದರು. ಇವನು ಸೊರಗಿಹೋದ. ಅದಕ್ಕೆ ಕಾರಣ ಲಕ್ಕಪ್ಪ.

ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡುವುದು ಬಲು ಕಷ್ಟದ ಕೆಲಸ. ಬದುಕಿರುವವನಾದರೆ ಎಲ್ಲೋ ಒಂದು ಕಡೆ ಎಡವುತ್ತಾನೆ, ನೋಡಿ ಒಳಗೊಳಗೇ ಖುಷಿಪಡಬಹುದು. ಸತ್ತವನು ಎಡವುವುದಿಲ್ಲ. ಪ್ರದೀಪ್ ಯಾವ ಮರವನ್ನು ಎಷ್ಟೇ ಚಂದ ಮಾಡಿ ತಂದಿಟ್ಟರೂ ರಾಜಲಕ್ಷ್ಮಮ್ಮ ಕನ್ನಡಕ ಸರಿಮಾಡಿಕೊಂಡು ನೋಡುತ್ತಿದ್ದರು. “ಚೆನ್ನಾಗೈತೆ ಕಣಪ್ಪ. ಲಕ್ಕಪ್ಪ ಆಗಿದ್ರೆ ಈ ಕೊಂಬೆ ಇನ್ನೊಂಚೂರು ಇಳಿಸ್ತಿದ್ದ,” ಎನ್ನುತ್ತಿದ್ದರು. ನೆಂಟರು ಬಂದರೆ ನೇರವಾಗಿ ಆ ಪೈನ್ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಫೋನು ಹಿಡಿದುಕೊಂಡು ಫೋಟೋ ತೆಗೆಯುವ ಕೆಲಸ ಪ್ರದೀಪನದು. ಅವನನ್ನು ಅಮ್ಮಾವ್ರು ‘ನಮ್ಮ ಹೊಸ ಮಾಲಿ’ ಎಂದು ಪರಿಚಯ ಮಾಡಿಸುತ್ತಿದ್ದರು, ಹೆಸರು ಹೇಳುತ್ತಿರಲಿಲ್ಲ.

ಅವನಿಗೆ ಬೇಕಾಗಿದ್ದದ್ದು ಒಂದೇ. ಆ ಹೆಂಗಸು ಒಂದು ಮರದ ಮುಂದೆ ನಿಂತು, ಒಂದೇ ಒಂದು ಸಲ, ‘ಇದು ಪ್ರದೀಪನ ಕೈ’ ಅನ್ನಬೇಕು. ಆ ಆಸೆ ಅವನ ನಿದ್ದೆ ತಿಂದಿತ್ತು, ಊಟ ತಿಂದಿತ್ತು. ಮುಂದಿನ ತಿಂಗಳು ಹಾಸನದಲ್ಲಿ ಫಲಪುಷ್ಪ ಪ್ರದರ್ಶನ. ಪೈನ್ ಅಲ್ಲಿಗೆ ಹೋಗುವುದಿತ್ತು. ಅಷ್ಟರೊಳಗೆ ಲಕ್ಕಪ್ಪ ಕೊಟ್ಟ ರೂಪ ಕಿತ್ತುಹಾಕಿ, ಬೇರೆ ತಂತಿ ಸುತ್ತಿ, ಹೊಸ ರೂಪ ಕೊಡಬೇಕೆಂದು ಅವನು ನಿಶ್ಚಯಿಸಿಬಿಟ್ಟ.

“ತಂತಿ ತೊಗಟೆ ತಿಂತಾ ಐತೆ ಅಮ್ಮಾವ್ರೆ, ತೆಗೀಲೇಬೇಕು,” ಎಂದು ಒಪ್ಪಿಗೆ ಕೇಳಿದ.

“ತೆಗಿ. ಆದ್ರೆ ಮರದ ರೂಪಕ್ಕೆ ಕೈ ಹಾಕ್ಬೇಡ ಕಣಪ್ಪ,” ಎಂದರು ಅವರು.

“ಇಲ್ಲ ಅಮ್ಮಾವ್ರೆ,” ಎಂದು ಸುಳ್ಳು ಹೇಳಿದ.

ಮಾರನೆಯ ದಿನ ಅಮ್ಮಾವ್ರು ಸಕಲೇಶಪುರಕ್ಕೆ ಹೋದರು. ಪ್ರದೀಪ್ ಮರವನ್ನು ಎತ್ತಿಕೊಂಡು ಕಾಫಿ ಚೀಲ ಇಡುವ ಹಳೆಯ ಸ್ಟೋರಿಗೆ ಹೋಗಿ ಬಾಗಿಲು ಹಾಕಿಕೊಂಡ. ಹೊರಗೆ ನಡುಮಧ್ಯಾಹ್ನದ ಬಿಸಿಲು ಉರಿಯುತ್ತಿತ್ತು. ಒಳಗೆ ಕತ್ತಲು, ಒಂದು ಕಿಂಡಿಯಿಂದ ಮೇಜಿನ ಮೇಲೆ ಬೀಳುವಷ್ಟೇ ಬೆಳಕು. ತೋಟವೆಲ್ಲ ಕಾಫಿ ಹೂ ಬಿಟ್ಟಿದ್ದ ಕಾಲ. ಆ ಸಿಹಿ ವಾಸನೆ ಬಾಗಿಲ ಸಂದಿಯಿಂದ ನುಗ್ಗಿ, ಗೋಣಿಚೀಲದ ಮುಗ್ಗುಲಿನೊಂದಿಗೆ ಸೇರಿ, ತಲೆ ಸುತ್ತಿಸುತ್ತಿತ್ತು. ದೂರದಲ್ಲಿ ಸ್ಪ್ರಿಂಕ್ಲರ್ ಚಿಕ್ ಚಿಕ್ ಎಂದು ತಿರುಗುತ್ತಿತ್ತು.

ಹಳೇ ತಂತಿ ತೆಗೆಯುವ ಕ್ರಮ ಒಂದೇ. ಕಟರ್ ಹಿಡಿದು ಒಂದೊಂದೇ ಸುತ್ತು ಕತ್ತರಿಸಿ ಉದುರಿಸಬೇಕು. ಸುತ್ತು ಬಿಚ್ಚಲು ಹೋದರೆ ಕೊಂಬೆ ಮುರಿಯುತ್ತದೆ. ಇದನ್ನು ಮೊದಲ ವಾರದಲ್ಲೇ ಕಲಿಸುತ್ತಾರೆ. ಪ್ರದೀಪನೂ ಕಟರ್ ಹಿಡಿದೇ ಬಗ್ಗಿದ. ಬಗ್ಗಿದವನು ಹಾಗೇ ನಿಂತುಬಿಟ್ಟ.

ಅಷ್ಟು ಹತ್ತಿರದಿಂದ ಅವನು ಆ ಸುತ್ತುಗಳನ್ನು ನೋಡಿರಲಿಲ್ಲ. ಒಂದರಿಂದೊಂದಕ್ಕಿರುವ ಅಂತರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎಲ್ಲರೂ ಸುತ್ತುವ ದಿಕ್ಕಿಗೆ ಉಲ್ಟಾ ಸುತ್ತಿತ್ತು, ಲಕ್ಕಪ್ಪ ಎಡಚನಿರಬೇಕು. ಮೊದಲ ಕೊಂಬೆ ಹೊರಡುವ ಜಾಗದಲ್ಲಿ, ತಾನಾಗಿದ್ದರೆ ಖಂಡಿತ ಮುರಿದುಹಾಕುತ್ತಿದ್ದ ಜಾಗದಲ್ಲಿ, ಆ ಓದು ಬರಹವಿಲ್ಲದ ಮಾಲಿ ಮರವನ್ನು ಮಗುವಿನ ಕತ್ತು ಹಿಡಿದಂತೆ ತಿರುಗಿಸಿದ್ದ. ಪ್ರದೀಪನ ಹೊಟ್ಟೆ ಉರಿದುಹೋಯಿತು. ನಾಲ್ಕು ವರ್ಷ ಕಲಿತರೂ ಇದು ತನಗೆ ಬಂದಿಲ್ಲ, ಬರುವುದೂ ಇಲ್ಲ. ಆ ಸತ್ಯ ಅವನಿಗೆ ಆ ಕತ್ತಲೆಯಲ್ಲಿ ಚೆನ್ನಾಗಿ ಗೊತ್ತಾಯಿತು.

ಕತ್ತರಿಸಿದರೆ ಆ ಗುಟ್ಟು ಚೂರುಚೂರಾಗಿ ನೆಲಕ್ಕೆ ಬೀಳುತ್ತದೆ. ಅವನು ಕಟರ್ ಕೆಳಗಿಟ್ಟ. ತಂತಿಯ ತುದಿ ಹಿಡಿದು ಬಿಚ್ಚತೊಡಗಿದ.

ವರ್ಷದ ಹಿಂದೆ ಸುತ್ತಿದ ತಾಮ್ರ ಗಟ್ಟಿಯಾಗಿ ಹಟ ಹಿಡಿಯಬೇಕಿತ್ತು. ಅದು ನೂಲಿನಷ್ಟು ಸುಲಭವಾಗಿ ಬಂತು. ಹೆದರಬೇಕಾದ ಅವನು ಖುಷಿಪಟ್ಟ. ಸುತ್ತಿನ ಅಳತೆ ಕೆಡದಿರಲಿ, ಆಮೇಲೆ ನೋಡಿ ಕಲಿಯೋಣ ಎಂದು, ಬಿಚ್ಚಿದ ಒಂದೊಂದೇ ಸುತ್ತನ್ನು ತನ್ನ ಎಡಗೈಗೆ ಏರಿಸಿಕೊಂಡ. ಮಣಿಕಟ್ಟಿನಿಂದ ಮೊಣಕೈವರೆಗೆ ಅದು ಅಳತೆ ಕೊಟ್ಟು ಮಾಡಿಸಿದ ಬಳೆಯಂತೆ ಕೂತುಕೊಂಡಿತು. ತಂತಿ ಬೆಚ್ಚಗಿತ್ತು. ಎಲ್ಲಿಂದಲೋ ಕೂದಲು ಸುಟ್ಟ ವಾಸನೆ ಬಂತು.

ಹೊಸ ತಂತಿ ತೆಗೆದು ಕಾಂಡಕ್ಕೆ ತನ್ನ ರೀತಿಯಲ್ಲಿ ಸುತ್ತಿದ. ಮೊದಲ ಕೊಂಬೆ ಹಿಡಿದು ಕೆಳಕ್ಕೆ ಒತ್ತಿದ.

ಕಟ್ ಎಂದು ಸದ್ದಾಯಿತು.

ಗಾಬರಿಯಿಂದ ಕೊಂಬೆ ನೋಡಿದ. ಬಿರುಕಿಲ್ಲ. ಆಗ ಕಂಡಿತು. ಅವನ ಎಡಗೈಯ ಕಿರುಬೆರಳು ಹಿಂದಕ್ಕೆ ಬಾಗಿ ಅಲ್ಲೇ ನಿಂತಿತ್ತು. ನೋವೇ ಇರಲಿಲ್ಲ. ಅದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತು.

ತಂತಿ ಕಳಚಲು ಎಳೆದ. ಬರಲಿಲ್ಲ. ಎಳೆದಷ್ಟೂ ಬಿಗಿಯಿತು. ಹೊರಗಿನ ಸ್ಪ್ರಿಂಕ್ಲರ್ ಸದ್ದು ನಿಂತುಹೋಗಿತ್ತು. ಹೂವಿನ ವಾಸನೆಯೂ ಇಲ್ಲ. ಈಗ ಇದ್ದದ್ದು ಬೀಡಿ ಹೊಗೆ. ಅವನಿಗೆ ಬೀಡಿಯ ಅಭ್ಯಾಸವಿರಲಿಲ್ಲ. ಬೆನ್ನ ಹಿಂದೆ ಯಾರೋ ಕೆಮ್ಮಿದರು. ತಿರುಗಿದ. ಗೋಣಿಚೀಲಗಳ ರಾಶಿ ಬಿಟ್ಟರೆ ಏನಿಲ್ಲ.

ಬಲಗೈಯಲ್ಲಿ ಕಟರ್ ಎತ್ತಿಕೊಂಡ. ತಂತಿಗೆ ಅದರ ಅಲಗು ಹಚ್ಚಿದ. ಎಡಗೈ ಮೇಲೆದ್ದಿತು. ಬಲಗೈಯಿಂದ ಕಟರ್ ಕಿತ್ತುಕೊಂಡಿತು. ಮೇಜಿನ ಮೂಲೆಯಲ್ಲಿ ಮೆಲ್ಲಗೆ ಇಟ್ಟಿತು.

ಎಡಗೈಯಲ್ಲಿ ಪ್ರದೀಪ್ ಒಂದು ಬೀಗ ಸಹ ತೆಗೆದವನಲ್ಲ. ಆ ಕೈ ಈಗ ಅವನು ಸುತ್ತಿದ ಹೊಸ ತಂತಿಯನ್ನು ಬಿಚ್ಚುತ್ತಿತ್ತು. ಚಕಚಕನೆ. ಅಸಹ್ಯಪಟ್ಟುಕೊಂಡು. ಬಿಚ್ಚಿ ನೆಲಕ್ಕೆ ಎಸೆಯಿತು. ಅತ್ತ ಹಳೆಯ ತಂತಿ ಮೊಣಕೈ ದಾಟಿತು. ಚರ್ಮದೊಳಕ್ಕೆ ಇಳಿಯಿತು. ಬೆರಳು ಕಪ್ಪಾದವು. ತಂತಿಯ ತುದಿ ತೋಳು ಹತ್ತಿತು. ಹೆಗಲು ಮುಟ್ಟಿತು. ಕುತ್ತಿಗೆಯ ಕಡೆ ತಿರುಗಿತು.

ಅವನು ಕೂಗಿದ.

ಬಾಗಿಲು ದಡಾರನೆ ತೆರೆಯಿತು. ಭೂತಮ್ಮ. ಅವಳು ಮೊದಲು ಮರ ನೋಡಿದಳು, ಆಮೇಲೆ ಕೈ ನೋಡಿದಳು.

“ಬಿಚ್ಚಿ ಕೈಗ್ ಹಾಕ್ಕೊಂಡ್ಯಾ ಮಗ?”

“ತೆಗೀರಿ ಅಜ್ಜಿ! ಕತ್ತಿಗೆ ಬರ್ತಾ ಐತೆ!”

“ನನ್ ಕೈಲಾಗಲ್ಲ. ಎಲ್ಲಿಂದ ಬಂತೋ ಅಲ್ಲಿಗೇ ಹೋಗ್ಬೇಕು, ಹಳೇ ಗುರ್ತಿನ್ ಮ್ಯಾಲೇ. ಕೆಂಚಯ್ಯ ಹೇಳಿದ್ದ. ಅದು ಆ ಕೈಗೆ ಮಾತ್ರ ಗೊತ್ತು. ಕೈಯ ಬುಟ್ಬುಡು. ಅದ್ರ ಪಾಡಿಗೆ ಬುಡು.”

“ಬಿಟ್ರೆ?”

“ಜೀವ ಉಳೀತದೆ. ಕೈ ಮಾತ್ರ ಇನ್ ನಿಂದಲ್ಲ.”

ತಂತಿ ಗಂಟಲ ಕೆಳಗೆ ತಣ್ಣಗೆ ತಾಗಿತು. ಯೋಚಿಸಲು ಹೊತ್ತಿರಲಿಲ್ಲ. ಅವನು ಕಣ್ಣು ಮುಚ್ಚಿ ಕೈಯನ್ನು ಬಿಟ್ಟುಕೊಟ್ಟ.

ಕೈ ಕೆಲಸ ಶುರುಮಾಡಿತು. ಒಂದು ಸುತ್ತು. ಇನ್ನೊಂದು. ಕುತ್ತಿಗೆ ಸಡಿಲವಾಯಿತು. ಹೆಗಲು ಬಿಟ್ಟಿತು. ಚರ್ಮದಿಂದ ತಂತಿ ಎದ್ದು ತೊಗಟೆಯ ಹಳೆಯ ಗುರುತಿನಲ್ಲಿ ಕೂತಿತು. ರಾಳದ ವಾಸನೆ. ರಕ್ತದ ವಾಸನೆ. ಕಿವಿಯ ಹತ್ತಿರ ಯಾರೋ ತೃಪ್ತಿಯಿಂದ ಉಸಿರುಬಿಟ್ಟರು. ಕೊನೆಯ ಸುತ್ತು ಕೊಂಬೆಯ ಮೇಲೆ ಬಿಗಿಯಾಯಿತು. ಹೊರಗೆ ಸ್ಪ್ರಿಂಕ್ಲರ್ ಮತ್ತೆ ತಿರುಗತೊಡಗಿತು.

ಸಂಜೆ ವಾಪಸು ಬಂದ ಅಮ್ಮಾವ್ರಿಗೆ ಏನೂ ತಿಳಿಯಲಿಲ್ಲ. ಕಿರುಬೆರಳು ನೆಟ್ಟಗಾಯಿತು, ಗಾಯ ಮಾಯಿತು, ತೋಳಿನ ಸುತ್ತ ಒಂದು ಕಲೆ ಮಾತ್ರ ಉಳಿಯಿತು. ಬದುಕಿಕೊಂಡೆ ಎಂದುಕೊಂಡ ಪ್ರದೀಪ್, ಹತ್ತು ದಿನ ಕಳೆದು ಮೈಸೂರಿನಲ್ಲಿ ತಾನೇ ನಾಲ್ಕು ವರ್ಷ ಬೆಳೆಸಿ ಆಲೂರಿನ ಮನೆಯಲ್ಲಿ ಬಿಟ್ಟಿದ್ದ ಜುನಿಪರ್ ಗಿಡವನ್ನು ತರಿಸಿಕೊಂಡು ತಂತಿ ಸುತ್ತಲು ಕೂತ. ಬಲಗೈ ಎರಡು ಸುತ್ತು ಹಾಕಿತು. ಎಡಗೈ ಎದ್ದು ಅದನ್ನು ಬಿಚ್ಚಿ, ಉಲ್ಟಾ ದಿಕ್ಕಿನಲ್ಲಿ ಸುತ್ತಿ, ಕೊಂಬೆಗಳನ್ನು ತನಗೆ ಬೇಕಾದಂತೆ ಇಳಿಸಿತು. ಅವನು ಸುಮ್ಮನೆ ನೋಡುತ್ತಾ ಕೂತಿರಬೇಕಾಯಿತು.

ಪೈನ್ ಜೊತೆ ಆ ಜುನಿಪರ್ ಕೂಡ ಹಾಸನಕ್ಕೆ ಹೋಯಿತು. ಜನ ಮುತ್ತಿಕೊಂಡರು. ರಾಜಲಕ್ಷ್ಮಮ್ಮನವರ ಕಣ್ಣಲ್ಲಿ ನೀರು. ಅವನ ಹೆಗಲ ಮೇಲೆ ಕೈಯಿಟ್ಟು ಬಂದವರಿಗೆಲ್ಲ ಹೇಳಿದರು: “ನೋಡ್ರೀ, ನಮ್ ಲಕ್ಕಪ್ಪನ ಕೈ! ಹಂಗೇ ಐತೆ ಕಣ್ರೀ, ಚೂರೂ ವ್ಯತ್ಯಾಸ ಇಲ್ಲ.” ಪ್ರದೀಪನಿಗೆ ಅಲ್ಲೇ ಕೂತು ಅತ್ತುಬಿಡಬೇಕು ಅನಿಸಿತು.

ಓಡಿಹೋಗಲು ನೋಡಲಿಲ್ಲವೆಂದಲ್ಲ. ಒಂದು ಬೆಳಿಗ್ಗೆ ಬ್ಯಾಗ್ ಹೆಗಲಿಗೇರಿಸಿ ಹಾನುಬಾಳಿಗೆ ಹೊರಟ. ಎಡಗೈ ಎಸ್ಟೇಟಿನ ಗೇಟಿನ ಸರಳು ಹಿಡಿದುಕೊಂಡಿತು. ಅವನು ಅತ್ತ, ಬೈದ, ಬಲಗೈಯಿಂದ ಅದನ್ನು ಗುದ್ದಿದ. ಬಸ್ಸಿನ ಹೊತ್ತು ಮೀರಿದ ಮೇಲೆ ಅದು ತಾನಾಗಿ ಬಿಟ್ಟಿತು.

ಈಗ ಅವನು ದಿನವಿಡೀ ಬೆಂಚಿನ ಮುಂದೆ ಕೂತಿರುತ್ತಾನೆ. ಕೆಲಸವೆಲ್ಲ ಎಡಗೈಯದು. ಒಂದು ಮಧ್ಯಾಹ್ನ ಭೂತಮ್ಮ ಬಂದು ಅವನ ಎಡಕ್ಕೆ ನೆಲದ ಮೇಲೆ ಕೂತಳು. ತಲೆ ಬಾಚಿ ಹೂ ಮುಡಿದಿದ್ದಳು. ತುಂಬಾ ಹೊತ್ತು ಆ ಬೆರಳುಗಳ ಓಡಾಟ ನೋಡಿದಳು.

“ಮೂವತ್ತೆರಡು ವರ್ಸ. ನಂಗೆ ಜ್ವರ ಬಂದಾಗ್ಲೂ ಹಣೆ ಮುಟ್ಲಿಲ್ಲ, ಈ ಮರಾನೇ ಮುಟ್ಕೊಂಡ್ ಕೂತಿದ್ರಿ. ಮರದ್ ಮ್ಯಾಲೆ ನಂಗೆಷ್ಟ್ ಹೊಟ್ಟೆ ಉರೀತಿತ್ತು ಗೊತ್ತಾ?” ಎಂದಳು. “ಈಗ್ಲಾದ್ರೂ ಒಂದ್ ಗಳ್ಗೆ ಅದನ್ನ ಬುಟ್ಟು ಇಲ್ಲಿ ಬನ್ನಿ.”

“ಅಜ್ಜಿ, ನಾನು ಪ್ರದೀಪ್,” ಎಂದ ಅವನು.

ಭೂತಮ್ಮ ಅವನ ಮುಖ ನೋಡಲಿಲ್ಲ. ಅಂಗೈ ಚಾಚಿ ಕಾದಳು. ಎಡಗೈ ತಂತಿಯನ್ನು ಕೆಳಗಿಟ್ಟು, ಅವನನ್ನು ಕೇಳದೆ, ಅವಳ ಕೈಯನ್ನು ಹಿಡಿದುಕೊಂಡಿತು.