ಎಡಗಡೆಯ ಹಿಡಿಕೆ

ಅಮೆರಿಕದ ಮೇನ್ ರಾಜ್ಯದ ಒಂದು ಸಣ್ಣ ಊರಿನಲ್ಲಿ ನಾನು ಫಿಸಿಯೊಥೆರಪಿ ಸಹಾಯಕಿಯ ತರಬೇತಿಯಲ್ಲಿದ್ದಾಗ ನಡೆದದ್ದಿದು. ಸೊಂಟ ಮುರಿದು ಚೇತರಿಸಿಕೊಳ್ಳುತ್ತಿದ್ದ ಆಲ್ಫೆ ಸಿರ್ ಎಂಬ ಮುದುಕರನ್ನು ನಡೆಸುವ ಕೆಲಸ ಅಂದು ನನಗೆ ಬಿತ್ತು. ಅವರ ನಡುವಿಗೆ ಅಗಲವಾದ ಪಟ್ಟಿ ಬಿಗಿದೆ. ಅದಕ್ಕೆ ಎರಡೂ ಬದಿ ಹಿಡಿಕೆಗಳಿದ್ದವು. ನಾನು ಬಲಗಡೆಯದನ್ನು ಹಿಡಿದೆ.

"ಎತ್ತೋಕೆ ಹೋಗ್ಬೇಡ ರೆನೆಲ್, ಬೀಳದ ಹಾಗೆ ನೋಡ್ಕೋ ಸಾಕು," ಎಂದು ನನಗೆ ಕಲಿಸುತ್ತಿದ್ದ ಲೊರೇನ್ ಹೇಳಿ, ಹಜಾರದ ಆ ತುದಿಯಲ್ಲಿ ಕೂತರು.

ಹೊರಗೆ ಮಧ್ಯಾಹ್ನದ ಬಿಸಿಲು ಹಿಮದ ಮೇಲೆ ಕಣ್ಣು ಕುಕ್ಕುತ್ತಿತ್ತು. ವಾಕರ್ ಹಿಡಿದು ಕೆಲವು ಹೆಜ್ಜೆ ಇಟ್ಟ ಮುದುಕರು, "ಎಡಗಡೆ ಇರೋ ಹುಡುಗನಿಗೆ ಹೇಳಮ್ಮ, ಅಷ್ಟು ಬಿಗಿಯಾಗಿ ಹಿಡೀಬೇಡ ಅಂತ. ಅವನ ಕೈ ತಣ್ಣಗೆ ಕೊರೀತಿದೆ," ಎಂದರು.

"ಎಡಗಡೆ ಯಾರೂ ಇಲ್ಲ. ತಮಾಷೆ ಸಾಕು ಅಜ್ಜ, ಮುಂದೆ ನೋಡ್ಕೊಂಡು ನಡೀರಿ," ಎಂದೆ.

ಅಷ್ಟರಲ್ಲಿ ಅವರ ಎಡಗಡೆ ಒದ್ದೆ ಬೂಟು ನೆಲಕ್ಕೊತ್ತಿದ ಸದ್ದು ಕೇಳಿಸಿತು. ನಾವಿಬ್ಬರೂ ನಿಂತೆವು. ಸದ್ದು ಮಾತ್ರ ಇನ್ನೊಂದು ಹೆಜ್ಜೆ ಮುಂದೆ ಹೋಯಿತು.

ಮುದುಕರ ಮೈ ಎಡಕ್ಕೆ ವಾಲಿತು. ಬೀಳುವ ಹಾಗಲ್ಲ, ಯಾರೋ ಎಳೆದುಕೊಂಡು ಹೋಗುವ ಹಾಗೆ. "ಬಿಡಬೇಡ ತಾಯಿ," ಎಂದು ಪಿಸುಗುಟ್ಟಿದರು. ನಾನು ಎರಡೂ ಕೈಯಲ್ಲಿ ಪಟ್ಟಿಯನ್ನು ಜಗ್ಗಿ ಹಿಡಿದು ಲೊರೇನ್ ಅವರನ್ನು ಕೂಗಿದೆ.

ಅವರು ಓಡಿ ಬರುತ್ತಲೇ, "ಆ ಹುಡುಗ ಯಾಕೆ ಅವರನ್ನ ಆ ಕಡೆ ಎಳೀತಿದಾನೆ? ಬಿಡೋಕೆ ಹೇಳು ಅವನಿಗೆ," ಎಂದು ಗದರಿದರು. ಹತ್ತಿರ ಬಂದವರು ಎಡಗಡೆಯ ಖಾಲಿ ಹಿಡಿಕೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಎಳೆತ ನಿಂತಿತು.

ತಮಗೆ ಕಂಡವನು ಯಾರೆಂದು ಲೊರೇನ್ ಇವತ್ತಿಗೂ ಹೇಳಿಲ್ಲ. ಆ ವರ್ಷ ಅಲ್ಲಿ ತರಬೇತಿಗೆ ಬಂದಿದ್ದವಳು ನಾನೊಬ್ಬಳೇ.