ತೊಂಬತ್ತಾರು ಬೋಲ್ಟುಗಳ ಹಸಿರು ಗೆರೆ

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಯಂತ್ರಕ್ಕೆ ಒಂದು ಮೂಟೆ ಗೋಧಿ ಸುರಿದರು. ಕಲ್ಲು, ಕಡ್ಡಿ, ಗೋಧಿ ಎಲ್ಲವೂ ಒಟ್ಟಿಗೇ ಕೆಳಗೆ ಬಿತ್ತು.

ಧಾನ್ಯ ಸ್ವಚ್ಛ ಮಾಡುವ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಜೋಡಣೆ ವಿಭಾಗದಲ್ಲಿರುವ ನನ್ನ ಮೈದುನ ಸ್ಪ್ಯಾನರ್ ಹಿಡಿದು ಮುಚ್ಚಳ ಬಿಚ್ಚಿದ. ಒಳಗಿನ ಜರಡಿಯ ಜಾಲರಿಯನ್ನು ಯಾರೋ ಚೌಕಟ್ಟಿನ ಅಂಚಿಗೇ ನೀಟಾಗಿ ಕೊಯ್ದಿದ್ದರು. ಎರಡನೇ ಯಂತ್ರ ಬಿಚ್ಚಿದ. ಅದೂ ಹಾಗೇ. ಹನ್ನೊಂದು ಬಿಚ್ಚುವಷ್ಟರಲ್ಲಿ ಅವನ ಮುಖ ಬಿಳಿಚಿಕೊಂಡಿತ್ತು.

"ಹನ್ನೆರಡನೇದು ಮುಟ್ಟಬೇಡ," ಎಂದೆ.

"ಯಾಕೆ ಅತ್ತಿಗೆ?"

"ಹನ್ನೊಂದು ಕೆಡಿಸಿದವರು ಅದೊಂದರ ಮೇಲೆ ಕರುಣೆ ತೋರಿಸಿರಲ್ಲ. ಅವರು ಬಿಟ್ಟುಹೋದ ಹಾಗೇ ಒಂದಾದರೂ ಇರಲಿ."

ನಾನು ಈ ಕಾರ್ಖಾನೆಯ ಸ್ಟೋರ್ ನೋಡಿಕೊಳ್ಳುವವಳು. ಇಪ್ಪತ್ತೆರಡು ವರ್ಷದಿಂದ ಎಲ್ಲರ ಬಾಯಲ್ಲೂ ಸ್ಟೋರಕ್ಕ. ನನ್ನ ಕಣ್ಣು ತಪ್ಪಿಸಿ ಒಂದು ವಾಷರ್ ಕೂಡ ಹೊರಗೆ ಹೋಗುವುದಿಲ್ಲ ಅಂತ ಬೀಗುತ್ತಿದ್ದೆ. ಆ ಜಂಬ ಇಳಿದ ದಿನ ಇದು.

ಯಜಮಾನರು ಓಡಿಬಂದರು. ಕೊಯ್ದ ಜಾಲರಿ ನೋಡಿ ಅಲ್ಲೇ ಒಂದು ಗೋಧಿ ಮೂಟೆಯ ಮೇಲೆ ಕುಸಿದರು. ಅವರ ಸಂಕಟ ನಮಗೆಲ್ಲ ಗೊತ್ತಿದ್ದದ್ದೇ. ಎರಡು ವರ್ಷದಿಂದ ಕಂಪನಿ ನೆಲಕಚ್ಚಿತ್ತು. ಈ ವರ್ಷ ಎಂಬತ್ತೆಂಟು ಯಂತ್ರ ಹೋಗದಿದ್ದರೆ ಬಾಗಿಲು ಹಾಕುತ್ತೇವೆ ಎಂದು ಮುಖ್ಯ ಕಚೇರಿಯವರು ಬರೆದಿದ್ದರು. ಎಪ್ಪತ್ತಾರು ಹೋಗಿತ್ತು. ಈ ಹನ್ನೆರಡು, ಮಕ್ಕಳ ಹಿಟ್ಟು ಮಾಡುವ ಒಂದು ಗಿರಣಿಗೆ, ಇವತ್ತೇ ಲಾರಿ ಹತ್ತಬೇಕಿತ್ತು. ಇವತ್ತು ವರ್ಷದ ಕೊನೇ ದಿನ.

"ಬೇರೆ ಜಾಲರಿ ಇದೆಯಾ ಸ್ಟೋರಕ್ಕಾ?"

"ಒಂದು ಗೇಣೂ ಇಲ್ಲ. ತರಿಸೋಕೆ ನಾಲ್ಕು ದಿನ ಬೇಕು."

ಅವರು ಫೋನ್ ಹಿಡಿದು ಹೊರಗೆ ಹೋದರು. ಹತ್ತು ನಿಮಿಷ ಬಿಟ್ಟು ಬಂದಾಗ ಮುಖದಲ್ಲಿ ಸ್ವಲ್ಪ ಜೀವ ಬಂದಿತ್ತು.

"ಹೊರಗಿನವರು ಬೇಕಂತಲೇ ಕೆಡಿಸಿದ್ದು ಅಂತ ಪೊಲೀಸ್ ದೂರು ಕೊಟ್ಟರೆ ಮುಖ್ಯ ಕಚೇರಿಯವರು ಇನ್ನೂ ಹತ್ತು ದಿನ ಗಡುವು ಕೊಡ್ತಾರಂತೆ. ಇದು ಕಿಡಿಯದೇ ಕೆಲಸ. ಮೂರು ಗಂಟೆಗೆ ಇನ್ಸ್‌ಪೆಕ್ಟರ್ ಬರ್ತಾರೆ. ಅಷ್ಟರಲ್ಲಿ ಬ್ಲೇಡು ಎಲ್ಲಿಂದ ಬಂತು, ಯಾರು ಏನು ನೋಡಿದರು, ಎಲ್ಲ ವಿಚಾರಿಸಿಡಿ. ನಿಮ್ಮಷ್ಟು ಸೂಕ್ಷ್ಮ ಕಣ್ಣು ಇಲ್ಲಿ ಯಾರಿಗಿದೆ?"

ಕಿಡಿ ಅಂದರೆ ನಮ್ಮ ವೆಲ್ಡರ್. ಬೆಸುಗೆಯ ಕಿಡಿಗಿಂತ ಅವನ ಬಾಯಿಯ ಕಿಡಿ ಜಾಸ್ತಿ. ಹೋದ ತಿಂಗಳು ಯಜಮಾನರ ಎದುರು ನಿಂತು ಜಗಳವಾಡಿ ಕೆಲಸ ಕಳೆದುಕೊಂಡಿದ್ದ.

ಸೂಕ್ಷ್ಮ ಕಣ್ಣು ಎಂದಾಗ ನಾನು ನೆಲ ನೋಡಿದೆ. ಆ ಕಣ್ಣು ಐದು ತಿಂಗಳ ಹಿಂದೆ ಒಂದು ವಿಷಯ ನೋಡಿಯೂ ಮುಚ್ಚಿಕೊಂಡಿತ್ತು.

* * *

ಗೇಟಿನ ಕಾವಲುಗಾರ ಪುಸ್ತಕ ತೆರೆದು ತೋರಿಸಿದ. ನಿನ್ನೆ ವಾರದ ರಜೆ. ಇಡೀ ಪುಟದಲ್ಲಿ ಒಂದೇ ಸಾಲು. ಕಿಡಿ, ಹನ್ನೊಂದಕ್ಕೆ ಒಳಗೆ, ಹನ್ನೊಂದೂವರೆಗೆ ಹೊರಗೆ.

"ಅವನ ಹತಾರದ ಚೀಲ ಉಳಿದಿತ್ತಂತೆ ಅಕ್ಕಾ. ತಗೊಂಡು ಹೋದ."

"ಬೇರೆ ಯಾರೂ ಬರಲಿಲ್ವಾ?"

"ಇಲ್ಲ."

"ನಮ್ಮವರೂ?"

"ನಮ್ಮವರು ಅಂದ್ರೆ, ಮೇಷ್ಟ್ರು ಇದ್ದರು. ಅವರನ್ನೂ ಬರೀಬೇಕಾ? ಅವರು ರಜೆ ದಿನ ಬರದೇ ಇದ್ದದ್ದು ಯಾವಾಗ?"

ಮೇಷ್ಟ್ರು ಅಂದರೆ ಯಂತ್ರಗಳನ್ನು ಪರೀಕ್ಷಿಸಿ ಸಹಿ ಹಾಕುವವರು. ಇಲ್ಲಿ ಸ್ಪ್ಯಾನರ್ ಹಿಡಿಯಲು ಕಲಿತವರೆಲ್ಲ ಅವರ ಶಿಷ್ಯರೇ. ನಾನೂ ಸೇರಿ.

ಕಿಡಿ ಎದುರು ರಸ್ತೆಯ ಟೀ ಅಂಗಡಿಯಲ್ಲೇ ಸಿಕ್ಕಿದ. ಸುದ್ದಿ ಆಗಲೇ ಮುಟ್ಟಿತ್ತು.

"ಮೂರು ಗಂಟೆಗೆ ನನ್ನ ಎತ್ತಾಕ್ಕೊಂಡು ಹೋಗ್ತಾರಂತಲ್ಲ ಅಕ್ಕಾ? ಹೆಂಡತಿಗೆ ಊಟಕ್ಕೆ ಕಾಯಬೇಡ ಅಂತ ಹೇಳಿ ಬಂದೆ."

"ತಮಾಷೆ ಸಾಕು. ಕೊಯ್ದದ್ದು ನೀನಾ?"

"ಅರ್ಧ ಗಂಟೆಯಲ್ಲಿ ಹನ್ನೆರಡು ಮುಚ್ಚಳ ಬಿಚ್ಚೋಕೆ ನನಗೇನು ಹತ್ತು ಕೈ ಇದೆಯಾ? ಅಲ್ಲ, ಕೆಡಿಸೋದಾದರೆ ಮತ್ತೆ ಮುಚ್ಚಳ ಯಾಕೆ ಮುಚ್ಚಲಿ? ಚೆನ್ನಾಗಿ ನೋಡಿ ಹೊಟ್ಟೆ ಉರ್ಕೊಳ್ಳಿ ಅಂತ ತೆರೆದಿಟ್ಟೇ ಬರ್ತಿದ್ದೆ."

ಅವನು ನಗುತ್ತಿದ್ದ. ಮುಂದಿದ್ದ ಟೀ ಮಾತ್ರ ಮುಟ್ಟದೆ ತಣ್ಣಗಾಗಿತ್ತು. ನನಗೆ ಅಯ್ಯೋ ಅನ್ನಿಸಿತು.

* * *

ಹನ್ನೆರಡನೇ ಯಂತ್ರದ ಮುಂದೆ ಮಂಡಿಯೂರಿ ಕುಳಿತೆ. ಮೈದುನ ಟಾರ್ಚ್ ಹಿಡಿದ.

ನಮ್ಮಲ್ಲಿ ಒಂದು ರೂಢಿ ಇದೆ. ಮುಚ್ಚಳಕ್ಕೆ ಎಂಟು ಬೋಲ್ಟು. ಬಿಗಿ ಮಾಡಿದ ಮೇಲೆ ಬೋಲ್ಟಿನ ತಲೆಯಿಂದ ಮುಚ್ಚಳದವರೆಗೆ ಹಸಿರು ಬಣ್ಣದ ಒಂದು ಗೆರೆ ಎಳೆಯಬೇಕು. ಬೋಲ್ಟು ಸಡಿಲವಾಗಿ ಸ್ವಲ್ಪ ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ.

ಎಂಟೂ ಬೋಲ್ಟಿನ ಮೇಲೆ ಗೆರೆ ಇಡಿಯಾಗಿತ್ತು. ಆದರೆ ಅದರ ಪಕ್ಕದಲ್ಲಿ ಮಾಸಿದ ಇನ್ನೊಂದು ಗೆರೆ. ಅದರ ಅರ್ಧ ಬೋಲ್ಟಿನ ಮೇಲೆ, ಅರ್ಧ ಮುಚ್ಚಳದ ಮೇಲೆ, ಒಂದಕ್ಕೊಂದು ಕೂಡುತ್ತಿರಲಿಲ್ಲ. ಬಿಚ್ಚಿಟ್ಟಿದ್ದ ಹನ್ನೊಂದು ಮುಚ್ಚಳ, ಎಂಬತ್ತೆಂಟು ಬೋಲ್ಟು ನೋಡಿದೆವು. ಎಲ್ಲದರ ಮೇಲೂ ಎರಡೆರಡು ಗೆರೆ.

"ಅಂದ್ರೆ, ಕೊಯ್ದು, ಮುಚ್ಚಿ, ಬಿಗಿ ಮಾಡಿ, ಹೊಸದಾಗಿ ಗೆರೆ ಎಳೆದು ಹೋಗಿದ್ದಾರೆ," ಎಂದ ಮೈದುನ. "ಕಳ್ಳನಿಗೆ ಇಷ್ಟೊಂದು ಶಿಸ್ತಾ ಅತ್ತಿಗೆ?"

ಶಿಸ್ತಲ್ಲ, ಅಭ್ಯಾಸ. ಬಿಗಿ ಮಾಡಿದ ಬೋಲ್ಟನ್ನು ಗೆರೆಯಿಲ್ಲದೆ ಬಿಟ್ಟುಹೋಗಲು ಬಾರದ ಕೈ ಅದು. ಮೂವತ್ತು ವರ್ಷ ಗೆರೆ ಎಳೆದ ಕೈ. ಶನಿವಾರ ಸಂಜೆ ಮೇಷ್ಟ್ರು ಸ್ಟೋರಿನ ಕಿಟಕಿಗೆ ಬಂದು ಕೇಳಿದ್ದ ಮಾತು ನೆನಪಾಯಿತು. "ಜಾಲರಿ ಎಷ್ಟು ಉಳಿದಿದೆಯಮ್ಮಾ? ತರಿಸೋಕೆ ಎಷ್ಟು ದಿನ?"

* * *

ಮೇಷ್ಟ್ರು ಪರೀಕ್ಷಾ ಕೋಣೆಯಲ್ಲಿದ್ದರು. ಮೇಜಿನ ಮೇಲೆ ಬಣ್ಣದ ಡಬ್ಬಿ, ಕುಂಚ. ಮುಚ್ಚಿಡುವ ಪ್ರಯತ್ನವನ್ನೂ ಮಾಡಿರಲಿಲ್ಲ.

"ಕೂತ್ಕೋಮ್ಮಾ. ನೀನೇ ಬರ್ತೀಯ ಅಂತ ಗೊತ್ತಿತ್ತು."

"ಯಾಕೆ ಹೀಗೆ ಮಾಡಿದ್ರಿ ಮೇಷ್ಟ್ರೇ?"

ಅವರು ಎದ್ದು ಯಂತ್ರದ ಮ್ಯಾಗ್ನೆಟ್ ಒಂದನ್ನು ಮೇಜಿನ ಮೇಲಿಟ್ಟರು. ಧಾನ್ಯದಲ್ಲಿ ಬರುವ ಕಬ್ಬಿಣದ ಚೂರನ್ನು ಹಿಡಿಯುವುದು ಅದೇ. ಒಂದು ಮೊಳೆ ತಗುಲಿಸಿ ಮೆಲ್ಲಗೆ ಅಲ್ಲಾಡಿಸಿದರು. ಮೊಳೆ ಜಾರಿ ಕೆಳಗೆ ಬಿತ್ತು.

"ಹೋದ ವಾರ ಮಗಳು ಮೊಮ್ಮಗುವಿಗೆ ಹಿಟ್ಟು ಕಲಸ್ತಾ ಇದ್ದಳು. ಡಬ್ಬಿ ಮೇಲೆ ಈ ಹನ್ನೆರಡು ಯಂತ್ರ ಹೋಗೋ ಗಿರಣಿಯ ಹೆಸರಿತ್ತು. ಅವತ್ತಿಂದ ನನಗೆ ಅನ್ನ ಸೇರಿಲ್ಲ. ಈ ಮ್ಯಾಗ್ನೆಟ್ ಹಾಕಿದ ನಲವತ್ತೊಂದು ಯಂತ್ರಕ್ಕೆ ಆಗಲೇ ಸಹಿ ಹಾಕಿದ್ದೀನಿ. ಬಾಯಿ ಬಿಟ್ಟರೆ ಮೊದಲು ನನ್ನ ಸಹಿಯೇ ಎದ್ದು ನಿಲ್ಲುತ್ತೆ. ಧೈರ್ಯ ಸಾಲಲಿಲ್ಲ. ನಾಲ್ಕು ದಿನ ತಡವಾದರೆ ಅಷ್ಟರಲ್ಲಿ ಹೇಳೋ ಧೈರ್ಯ ಬರಬಹುದು ಅಂದ್ಕೊಂಡೆ."

"ಕಿಡಿಯನ್ನ ಹಿಡೀತಾರೆ."

"ಅವನು ನಿನ್ನೆ ಬಂದದ್ದೇ ನನಗೆ ಗೊತ್ತಿರಲಿಲ್ಲಮ್ಮಾ." ಮುಖ ಮುಚ್ಚಿಕೊಂಡರು. "ಬೆಳಿಗ್ಗೆಯಿಂದ ಮೂರು ಸಲ ಬಾಗಿಲವರೆಗೆ ಹೋಗಿ ವಾಪಸ್ ಬಂದೆ."

ನಾನು ಅವರನ್ನು ಬೈಯುವುದು ಹೇಗೆ? ಹಗುರ ಮ್ಯಾಗ್ನೆಟ್ಟಿನ ಮೊದಲ ಪೆಟ್ಟಿಗೆ ಬಂದ ದಿನ ಎತ್ತಿ ನೋಡಿದವಳು ನಾನು. ಹಳೇದಕ್ಕಿಂತ ಅರ್ಧ ತೂಕ. ಯಜಮಾನರಿಗೆ ಹೇಳಿದ್ದೆ. "ಖರ್ಚು ಇಳಿಸದಿದ್ದರೆ ಎಂಬತ್ತೆಂಟು ಮುಟ್ಟಲ್ಲ ಅಕ್ಕಾ, ಸುಮ್ಮನೆ ತಗೊಳ್ಳಿ," ಎಂದಿದ್ದರು. ಪುಸ್ತಕದಲ್ಲಿ 'ಹಳೇ ಮಾದರಿ' ಎಂದು ಬರೆದು ಒಳಗಿಟ್ಟೆ. ಅರವತ್ತು ಮನೆಯ ಊಟದ ಪ್ರಶ್ನೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೇಷ್ಟ್ರು ಒಂದು ವಾರ ನಿದ್ದೆ ಬಿಟ್ಟಿದ್ದರು. ನಾನು ಐದು ತಿಂಗಳು ಚೆನ್ನಾಗಿಯೇ ಮಲಗಿದ್ದೆ.

* * *

ಮೂರು ಗಂಟೆ. ಅಂಗಳದಲ್ಲಿ ಇನ್ಸ್‌ಪೆಕ್ಟರ್, ಯಜಮಾನರು, ಗೋಡೆಗೆ ಒರಗಿ ನಿಂತ ಕಿಡಿ. ದೂರಿನ ಹಾಳೆಯಲ್ಲಿ ಅವನ ಹೆಸರು ಆಗಲೇ ಬರೆದಾಗಿತ್ತು.

"ಬ್ಲೇಡಿನ ವಿಷಯ ಹೇಳಿ ಸ್ಟೋರಕ್ಕಾ," ಎಂದರು ಯಜಮಾನರು.

"ಬ್ಲೇಡಿಗಿಂತ ಮೊದಲು ಬೋಲ್ಟು ನೋಡಿ ಸಾರ್."

ಇನ್ಸ್‌ಪೆಕ್ಟರಿಗೆ ಎರಡು ಗೆರೆ ತೋರಿಸಿದೆ. ಕೋಪಕ್ಕೆ ಬಂದವನು ಮುಚ್ಚಳ ಮುಚ್ಚುವುದಿಲ್ಲ. ದ್ವೇಷಕ್ಕೆ ಬಂದವನು ಚೌಕಟ್ಟು ಉಳಿಸಿ ಅಂಚಿಗೆ ಕೊಯ್ಯುವುದಿಲ್ಲ. ಸ್ಟೋರಿನಲ್ಲಿ ಜಾಲರಿ ಇಲ್ಲವೆಂದು ಶನಿವಾರ ಗೊತ್ತಿದ್ದವರು ನಾನು, ಮೇಷ್ಟ್ರು ಇಬ್ಬರೇ. ರಜೆ ದಿನ ಪುಸ್ತಕದಲ್ಲಿ ಹೆಸರು ಬರೆಸದೆ ಒಳಗೆ ಬರುವವರು ಒಬ್ಬರೇ. ಇಷ್ಟು ಹೇಳುವಾಗ ಮೇಷ್ಟ್ರು ತಾವೇ ನಡೆದು ಬಂದು ನನ್ನ ಪಕ್ಕ ನಿಂತರು.

"ನಾನೇ ಕೊಯ್ದದ್ದು," ಎಂದರು. "ಅವನನ್ನ ಬಿಡಿ."

ಯಜಮಾನರ ಮುಖ ಇಳಿಯಿತು. "ಮೇಷ್ಟ್ರೇ, ನೀವು? ಯಾಕೆ?"

"ಯಾಕೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು," ಎಂದು ನಾನು ಮ್ಯಾಗ್ನೆಟ್ಟನ್ನೂ ಮೊಳೆಯನ್ನೂ ಇನ್ಸ್‌ಪೆಕ್ಟರ್ ಕೈಗೆ ಕೊಟ್ಟೆ. ಅವರು ಅಲ್ಲಾಡಿಸಿ ನೋಡಿದರು. ಮೊಳೆ ಸಿಮೆಂಟಿನ ಮೇಲೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

"ಇದು ಹಿಡಿಯಲ್ಲ ಅಂತ ಮೊದಲು ಯಾರಿಗೆ ಗೊತ್ತಾಯ್ತು?"

ಮೇಷ್ಟ್ರು ಬಾಯಿ ತೆರೆದರು. ನಾನು ಅವರ ತೋಳು ಹಿಡಿದು ತಡೆದೆ.

"ನನಗೆ. ಐದು ತಿಂಗಳ ಹಿಂದೆ. ಪುಸ್ತಕದಲ್ಲಿ ಸುಳ್ಳು ಬರೆದದ್ದೂ ನಾನೇ."

ಮೈದುನ ದೂರದಿಂದ ನನ್ನನ್ನೇ ನೋಡುತ್ತಿದ್ದ. ಅವನಿಗೆ ಇಬ್ಬರು ಮಕ್ಕಳು, ಚಿಕ್ಕದಕ್ಕೆ ಈಗಷ್ಟೇ ಹಿಟ್ಟು ಶುರು ಮಾಡಿದ್ದರು. ನಾಳೆ ಅವನ ಕೆಲಸ ಇರುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಯಜಮಾನರು ಹಣೆ ಹಿಡಿದು ಅದೇ ಗೋಧಿ ಮೂಟೆಯ ಮೇಲೆ ಕುಳಿತರು. "ಹಾಕಿಸಿದ್ದು ನಾನು," ಎಂದರು ಕೊನೆಗೆ. ಇನ್ಸ್‌ಪೆಕ್ಟರ್ ಹಾಳೆಯಲ್ಲಿದ್ದ ಹೆಸರು ಹೊಡೆದುಹಾಕಿ ಹೊಸದಾಗಿ ಮೂರು ಹೆಸರು ಬರೆದುಕೊಂಡರು.

"ಠಾಣೆಗೆ ಬರೋ ಮೊದಲು ಒಂದು ಗಂಟೆ ಕೊಡಿ ಸಾರ್," ಎಂದೆ. "ನಲವತ್ತೊಂದು ಫೋನ್ ಮಾಡಬೇಕು."

ಅವರು ತಲೆಯಾಡಿಸಿದರು.

ಸ್ಟೋರಿಗೆ ಬಂದು ಗಿರಾಕಿಗಳ ಪಟ್ಟಿ ತೆಗೆದೆ. ಕಣ್ಣು ಮಂಜಾಗಿ ಅಂಕಿ ಕಾಣಲಿಲ್ಲ. ಹಿಂದೆ ಯಾರೋ ಕುರ್ಚಿ ಎಳೆದು ಕುಳಿತರು. ಕಿಡಿ. ಎಂಥ ಮಾತಾಡುತ್ತಾನೋ ಎಂದು ಕಾದೆ. ಅವನು ಪಟ್ಟಿ ಎಳೆದುಕೊಂಡು ಮೊದಲ ಗಿರಣಿಯ ನಂಬರನ್ನು ನಿಧಾನವಾಗಿ ಓದಿದ. ನಾನು ಒತ್ತಿದೆ. ಆ ಕಡೆ ಯಾರೋ ಎತ್ತಿದರು. ಅವರ ಹಿಂದೆ ನಮ್ಮ ಯಂತ್ರ ಓಡುತ್ತಿರುವ ಸದ್ದು ಕೇಳಿಸಿತು.

"ಅದನ್ನ ಈಗಲೇ ನಿಲ್ಲಿಸಿ," ಎಂದೆ. "ಯಾಕೆ ಅಂತ ಹೇಳ್ತೀನಿ. ತಪ್ಪು ನಂದು."